ಪ್ರೈವೇಟ್ ಬೋಟೋ, ಗ್ರೂಪ್ ಬೋಟೋ? ಮೊದಲು ಗಡಿಯಾರ ನೋಡಿ

ದ್ವೀಪಕ್ಕೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬೇಕು. ನಮಗೇ ಅಂತ ಒಂದು ಬೋಟ್ ಮಾಡ್ಕೊಳ್ಳೋದಾ, ಇಲ್ಲಾ ಎಲ್ಲರ ಜೊತೆ ಗ್ರೂಪ್‌ನಲ್ಲಿ ಹೋಗೋದಾ? ಬೋಟ್ ಪ್ರವಾಸ ಹೊಂದಿಸಿಕೊಡುವ ನನ್ನ ಕೆಲಸದಲ್ಲಿ ಸೀಸನ್ ಪೂರ್ತಿ ಕೇಳಿಬರುವ ಪ್ರಶ್ನೆ ಇದು. ಹೆಚ್ಚಿನವರು ದುಡ್ಡಿನ ಲೆಕ್ಕದಿಂದ ಶುರು ಮಾಡುತ್ತಾರೆ. ನಾನು ಮೊದಲು ಕೇಳುವುದು ಎರಡು ವಿಷಯ. ಜೊತೆಗೆ ಯಾರ್ಯಾರು ಬರುತ್ತಾರೆ? ಬೆಳಿಗ್ಗೆ ಎಷ್ಟು ಗಂಟೆಗೆ ಹೊರಡಬಲ್ಲಿರಿ?

ಪ್ರೈವೇಟ್ ಬೋಟಿಗೆ ಜಾಸ್ತಿ ದುಡ್ಡು ಕೊಟ್ಟು ನೀವು ಕೊಳ್ಳುವುದು ಮುಖ್ಯವಾಗಿ ಸಮಯವನ್ನು. ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು, ಯಾವಾಗ ಸಾಕು ಎನ್ನಬೇಕು ಅನ್ನುವುದು ನಿಮ್ಮ ಕೈಗೆ ಬರುತ್ತದೆ. ಆ ಸಮಯವನ್ನು ಬಳಸಿಕೊಳ್ಳುವ ಯೋಚನೆ ಇಲ್ಲದಿದ್ದರೆ ಆ ದುಡ್ಡು ವ್ಯರ್ಥ. ಹತ್ತು ಗಂಟೆಗೆ ಎದ್ದು, ಎಲ್ಲರೂ ಹೋಗುವ ದ್ವೀಪಕ್ಕೇ ಎಲ್ಲರೂ ಹೋಗುವ ಹೊತ್ತಿಗೇ ಹೋಗುವುದಾದರೆ ಗ್ರೂಪ್ ಟಿಕೆಟ್ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ.

ಗ್ರೂಪ್ ಬೋಟಿನಲ್ಲಿ ಸಮಯ ಎಲ್ಲಿ ಕರಗುತ್ತದೆ ನೋಡಿ. ವ್ಯಾನ್ ಒಂದೊಂದೇ ಹೋಟೆಲಿನ ಮುಂದೆ ನಿಂತು ಜನರನ್ನು ಹತ್ತಿಸಿಕೊಳ್ಳುತ್ತದೆ. ಜೆಟ್ಟಿಯಲ್ಲಿ ಹೆಸರು ಕೂಗುತ್ತಾರೆ, ಕೈಗೆ ಪಟ್ಟಿ ಕಟ್ಟುತ್ತಾರೆ, ನೀರಿನ ಮೇಲೆ ತೇಲುತ್ತಾ ಒಳಗಿನ ಮೀನು ನೋಡುವ ಸ್ನಾರ್ಕೆಲಿಂಗ್‌ಗೆ ಮಾಸ್ಕ್ ಹಂಚುತ್ತಾರೆ. ಒಂದು ಕುಟುಂಬ ತಡವಾಗಿ ಬರುತ್ತದೆ, ಎಲ್ಲರೂ ಕಾಯುತ್ತಾರೆ. ನೀರಿಗಿಳಿಯುವಾಗಲೂ ಒಂದೇ ಏಣಿ, ಮೂವತ್ತು ಜನರ ಸಾಲು. 40 ನಿಮಿಷ ಸ್ನಾರ್ಕೆಲಿಂಗ್ ಎಂದು ಬರೆದಿದ್ದರೆ, ಕೊನೆಯಲ್ಲಿ ಇಳಿದವರಿಗೆ ಅರ್ಧ ಗಂಟೆಯೂ ಸಿಗುವುದಿಲ್ಲ. ವಾಪಸ್ ಹತ್ತಿದ ಮೇಲೆ ತಲೆ ಎಣಿಸಬೇಕು. ಈ ಎಣಿಕೆ ಮಾತ್ರ ಬೇಸರ ಮಾಡಿಕೊಳ್ಳುವ ವಿಷಯವಲ್ಲ. ಸರಿಯಾಗಿ ಎಣಿಸದೆ ಹೊರಡುವ ಬೋಟನ್ನು ನಾನು ಯಾರಿಗೂ ಹೇಳುವುದಿಲ್ಲ.

ಪ್ರೈವೇಟ್ ಬೋಟ್ ಏಳು ಗಂಟೆಗೇ ಹೊರಟರೆ ಗುಂಪುಗಳು ಬರುವ ಮೊದಲು ಒಂದೆರಡು ಗಂಟೆ ದಡ ಖಾಲಿ ಇರುತ್ತದೆ. ನೀರು ಕಲಕಿರುವುದಿಲ್ಲ, ಮೀನು ಚೆನ್ನಾಗಿ ಕಾಣುತ್ತವೆ. ಗಾಳಿಯೂ ನಿಮ್ಮ ಪರವಾಗಿಯೇ ಇರುತ್ತದೆ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಸಮುದ್ರದಿಂದ ನೆಲದ ಕಡೆಗೆ ಗಾಳಿ ಶುರುವಾಗಿ ಮಧ್ಯಾಹ್ನಕ್ಕೆ ಜೋರಾಗುತ್ತದೆ. ಅದಕ್ಕೇ ಎಷ್ಟೋ ಕಡೆ ಹೋಗುವಾಗ ಕನ್ನಡಿಯಂತಿದ್ದ ಸಮುದ್ರ ಬರುವಾಗ ಎತ್ತಿ ಕುಕ್ಕುತ್ತದೆ. ಬೇಗ ಹೊರಟು ಬೇಗ ವಾಪಸಾದವರಿಗೆ ಇದರ ಕಾಟ ಕಡಿಮೆ.

ಆದರೆ ಪ್ರೈವೇಟ್ ಬೋಟ್ ಎಂದಾಗ ಯಾವ ಬೋಟ್ ಎಂದು ಕೇಳಲೇಬೇಕು. ಬೋಟಿನ ವೇಗವನ್ನು ನಾಟ್‌ನಲ್ಲಿ ಹೇಳುತ್ತಾರೆ, ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ದ್ವೀಪ 20 ಕಿಲೋಮೀಟರ್ ದೂರ ಇದೆ ಅಂದುಕೊಳ್ಳಿ. 20 ನಾಟ್ ಓಡುವ ಸ್ಪೀಡ್‌ಬೋಟ್ ಸುಮಾರು ಅರ್ಧ ಗಂಟೆಯಲ್ಲಿ ಮುಟ್ಟುತ್ತದೆ. 8 ನಾಟ್‌ನ ಮರದ ದೋಣಿಗೆ ಸುಮಾರು 80 ನಿಮಿಷ ಬೇಕು. ಹೋಗಿ ಬರೋಕೆ ಒಂದೂವರೆ ಗಂಟೆಗೂ ಜಾಸ್ತಿ ವ್ಯತ್ಯಾಸ! ಅಗ್ಗಕ್ಕೆ ಸಿಕ್ಕಿತು ಎಂದು ನಿಧಾನದ ದೋಣಿಯನ್ನು ಪ್ರೈವೇಟಾಗಿ ತೆಗೆದುಕೊಂಡರೆ, ದುಡ್ಡು ಕೊಟ್ಟು ಕೊಂಡ ಸಮಯ ದಾರಿಯಲ್ಲೇ ಮುಗಿಯುತ್ತದೆ. ದ್ವೀಪ ಹತ್ತಿರದಲ್ಲಿದ್ದರೆ ಅದೇ ದೋಣಿ ಬಹಳ ಹಿತ. ಸದ್ದು ಕಡಿಮೆ, ಮಾತಾಡಬಹುದು, ಸುತ್ತಲೂ ನೋಡಬಹುದು.

ಇನ್ನು ಅಲೆ. ಇಲ್ಲಿ ಜನ ಅಂದುಕೊಳ್ಳುವುದಕ್ಕೂ ವಾಸ್ತವಕ್ಕೂ ದೂರ ಜಾಸ್ತಿ. ಪ್ರೈವೇಟ್ ಅಂದರೆ ಆರಾಮ ಎಂಬ ಲೆಕ್ಕ ಶಾಂತ ಸಮುದ್ರಕ್ಕೆ ಮಾತ್ರ ಸರಿ. ಬಾಡಿಗೆಗೆ ಸಿಗುವ ಪ್ರೈವೇಟ್ ಬೋಟುಗಳು ಸಾಮಾನ್ಯವಾಗಿ ಚಿಕ್ಕವು. ಗಾಳಿ 11ರಿಂದ 16 ನಾಟ್ ಇರುವಾಗ, ಅಂದರೆ ಗಾಳಿಯ ಜೋರನ್ನು ಹೇಳುವ ಬ್ಯೂಫರ್ಟ್ ಅಳತೆಯ 4ನೇ ಹಂತದಲ್ಲಿ, ತೆರೆದ ಸಮುದ್ರದಲ್ಲಿ ಸುಮಾರು ಒಂದು ಮೀಟರ್ ಅಲೆ ಏಳುತ್ತದೆ, ಬಿಳಿ ನೊರೆ ಸಾಕಷ್ಟು ಕಡೆ ಕಾಣುತ್ತದೆ. 5ನೇ ಹಂತಕ್ಕೆ ಅದು ಎರಡು ಮೀಟರ್ ಹತ್ತಿರ ಹೋಗುತ್ತದೆ. ಚಿಕ್ಕ ಸ್ಪೀಡ್‌ಬೋಟ್ ಒಂದು ಅಲೆಯಿಂದ ಇನ್ನೊಂದಕ್ಕೆ ಹಾರಿ ಬೀಳುತ್ತದೆ. ಆ ಪೆಟ್ಟು ಮುಂಭಾಗದಲ್ಲಿ ಕೂತವರ ಬೆನ್ನುಮೂಳೆಗೆ ನೇರ ತಾಗುತ್ತದೆ. ಹೀಗೆ ಬೆನ್ನುಮೂಳೆ ಮುರಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಬೆನ್ನುನೋವು ಇರುವವರು, ವಯಸ್ಸಾದವರು ಸ್ಪೀಡ್‌ಬೋಟಿನ ಮುಂದಿನ ಸೀಟಿಗೆ ಹೋಗಲೇಬಾರದು. ಫೋಟೊ ಚೆನ್ನಾಗಿ ಬರುತ್ತದೆ ಎಂದು ಯಾರು ಎಷ್ಟೇ ಕರೆದರೂ ಹಿಂಭಾಗದಲ್ಲೇ ಕೂರಿ. ಗರ್ಭಿಣಿಯರಿಗೆ ಸ್ಪೀಡ್‌ಬೋಟೇ ಬೇಡ.

ಗಾಳಿ ಇರುವ ದಿನಗಳಲ್ಲಿ ಎರಡು ಹೊಟ್ಟೆಯ ದೊಡ್ಡ ಕ್ಯಾಟಮರಾನ್‌ನಲ್ಲಿ ಐವತ್ತು ಜನರ ಜೊತೆ ಕೂತು ಹೋಗುವುದೇ ಒಳ್ಳೆಯದು. ಅದು ಅಗಲ ಇರುವುದರಿಂದ ಪಕ್ಕಕ್ಕೆ ಅಷ್ಟಾಗಿ ಹೊರಳುವುದಿಲ್ಲ. ನೆರಳು ಇರುತ್ತದೆ, ಟಾಯ್ಲೆಟ್ ಇರುತ್ತದೆ. ಈ ಟಾಯ್ಲೆಟ್ ವಿಷಯ ಯಾರೂ ಬುಕಿಂಗ್ ಸಮಯದಲ್ಲಿ ಕೇಳುವುದಿಲ್ಲ. ಚಿಕ್ಕ ಪ್ರೈವೇಟ್ ಬೋಟಿನಲ್ಲಿ ಅದು ಇಲ್ಲ ಎಂದು ಗೊತ್ತಾಗುವುದು ನಡುಸಮುದ್ರದಲ್ಲಿ. ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ, ಮಕ್ಕಳಿಗೆ ಅದೊಂದೇ ಕಾರಣಕ್ಕೆ ಇಡೀ ದಿನ ಹಾಳಾಗಬಹುದು. ದಯವಿಟ್ಟು ಮೊದಲೇ ಕೇಳಿ.

ಹೊಟ್ಟೆ ತೊಳಸುವ ಸಮಸ್ಯೆ ಇರುವವರಿಗೆ ಒಂದು ಮಾತು. ಸುಮಾರು ಐದು ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಆಗುವ ನಿಧಾನದ ಓಲಾಟವೇ ವಾಂತಿಯನ್ನು ಹೆಚ್ಚು ತರುತ್ತದೆ. ಹಾಗಾಗಿ ಓಡುವಾಗ ಸರಿಯಿದ್ದವರು ಬೋಟ್ ಲಂಗರು ಹಾಕಿ ನಿಂತಾಗ ಒದ್ದಾಡುತ್ತಾರೆ. ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲೇ ನಿಲ್ಲುವುದಿಲ್ಲ. ಇಂಥವರು ಜೊತೆಗಿದ್ದರೆ, ಸಮುದ್ರ ಶಾಂತವಾಗಿದ್ದರೆ, ನಾನು ಪ್ರೈವೇಟ್ ಕಡೆಗೇ ವಾಲುತ್ತೇನೆ. ಬೇಕೆಂದಾಗ ದಡಕ್ಕೆ ಬಿಡಿ ಎನ್ನಬಹುದು. ಗ್ರೂಪ್ ಬೋಟ್ ಒಬ್ಬರಿಗಾಗಿ ತಿರುಗುವುದಿಲ್ಲ. ಚಿಕ್ಕ ಮಕ್ಕಳ ವಿಷಯದಲ್ಲೂ ಇದೇ ಮಾತು. ಮೂರು ವರ್ಷದ ಮಗುವಿಗೆ ಮಧ್ಯಾಹ್ನ ನಿದ್ದೆ ಬಂತೆಂದರೆ ಪಟ್ಟಿಯಲ್ಲಿ ಉಳಿದ ಎರಡು ದ್ವೀಪ ಯಾರಿಗೆ ಬೇಕು, ಅಲ್ವಾ?

ಮಕ್ಕಳಿದ್ದರೆ ಲೈಫ್ ಜಾಕೆಟ್ ಬಗ್ಗೆ ಜೆಟ್ಟಿಯಲ್ಲಿ ಕೇಳಿದರೆ ತಡವಾಯಿತು. ಬುಕ್ ಮಾಡುವಾಗಲೇ ಮಗುವಿನ ತೂಕ ಹೇಳಿ, ಆ ತೂಕದ ಜಾಕೆಟ್ ಇದೆಯಾ ಎಂದು ಕೇಳಬೇಕು. ದೊಡ್ಡವರ ಜಾಕೆಟ್ ಹಾಕಿದರೆ ಮಗು ನೀರಿಗೆ ಬಿದ್ದಾಗ ಜಾಕೆಟ್ ಮೇಲೇರಿ ತಲೆಯಿಂದ ಕಳಚಿಕೊಳ್ಳುತ್ತದೆ. ಕಾಲುಗಳ ನಡುವೆ ಬಿಗಿಯುವ ಪಟ್ಟಿ ಇರುವ ಜಾಕೆಟ್ ಬೇಕು. ಹಾಕಿಸಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿ ಮುಟ್ಟುವಷ್ಟು ಮೇಲೆ ಬಂದರೆ ಅದು ಆ ಮಗುವಿನದಲ್ಲ.

ದುಡ್ಡಿನ ಲೆಕ್ಕ ನಿಜಕ್ಕೂ ಸುಲಭ. ಗ್ರೂಪ್‌ನಲ್ಲಿ ತಲೆಗಿಷ್ಟು, ಪ್ರೈವೇಟ್‌ನಲ್ಲಿ ಬೋಟಿಗಿಷ್ಟು. ಬೋಟಿನ ಬಾಡಿಗೆಯನ್ನು ಒಬ್ಬರ ಗ್ರೂಪ್ ಟಿಕೆಟ್‌ನಿಂದ ಭಾಗಿಸಿ. 7 ಬಂದರೆ ಏಳು ಜನರಿಗೆ ಎರಡೂ ಸಮ. ಆದರೆ ಗ್ರೂಪ್‌ನಲ್ಲಿ ಮಕ್ಕಳಿಗೆ ಕಡಿಮೆ ದರ ಇರಬಹುದು. ಪ್ರೈವೇಟ್‌ನಲ್ಲಿ ಇಂಧನ, ಊಟ, ಪಾರ್ಕ್ ಶುಲ್ಕ, ಹೆಚ್ಚುವರಿ ಗಂಟೆ ಬೇರೆ ಬೇರೆ ಹಾಕಿರಬಹುದು. ಎಲ್ಲ ಸೇರಿಸಿದ ಮೊತ್ತವನ್ನೇ ಭಾಗಿಸಿ. ಜನ ಜಾಸ್ತಿ ಇದ್ದರೆ 12 ಎಂಬ ಸಂಖ್ಯೆ ನೆನಪಿಡಿ. 1974ರ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವುದು ಪ್ರಯಾಣಿಕರ ಹಡಗು. ಹಲವು ದೇಶಗಳು ಬಾಡಿಗೆ ಬೋಟುಗಳಿಗೂ ಇದೇ ಗೆರೆ ಎಳೆದಿವೆ. 13ನೆಯವರಿಗಾಗಿ ಬೇರೆಯೇ ಲೈಸೆನ್ಸಿನ ಬೋಟ್ ಬೇಕಾಗಬಹುದು. ಒಬ್ಬರು ತಾನೇ, ಹೊಂದಿಸ್ಕೊಳ್ಳೋಣ ಎನ್ನುವ ಬೋಟಿನವರನ್ನು ಬಿಟ್ಟುಬಿಡಿ.

ಪ್ರೈವೇಟ್ ಎಂದಮಾತ್ರಕ್ಕೆ ಎಲ್ಲಿಗೆ ಬೇಕಾದರೂ ಹೋಗಬಹುದು ಅಂತಿಲ್ಲ. ಥಾಯ್ಲೆಂಡಿನ ಮಾಯಾ ಬೇ ಕಡಲತೀರವನ್ನು ಹವಳ ಉಳಿಸುವುದಕ್ಕಾಗಿ 2018ರಲ್ಲಿ ಮುಚ್ಚಿದರು, 2022ರಲ್ಲಿ ಮತ್ತೆ ತೆರೆದರು. ಈಗ ಬೋಟುಗಳು ಆ ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಬದಿಯಲ್ಲಿ ಇಳಿದು ನಡೆದು ಬರಬೇಕು. ಎಷ್ಟು ದುಡ್ಡು ಕೊಟ್ಟ ಬೋಟಾದರೂ ಅಷ್ಟೇ. ಹವಳದ ಮೇಲೆ ಲಂಗರು ಎಸೆಯುವ ಕ್ಯಾಪ್ಟನ್ ಸಿಕ್ಕರೆ ಬೇಡ ಎನ್ನಿ. ನೀರಿನ ಮೇಲೆ ತೇಲುವ ಡಬ್ಬಿಯಂಥ ಬೋಯಾಗೆ ಹಗ್ಗ ಕಟ್ಟಿ ನಿಲ್ಲಿಸುವ ವ್ಯವಸ್ಥೆ ಬಹಳ ಕಡೆ ಇದೆ.

ಉಬ್ಬರ ಇಳಿತವೂ ನಿಮ್ಮ ಮಾತು ಕೇಳುವುದಿಲ್ಲ. ಹೆಚ್ಚಿನ ಕಡೆ ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ಸ್ವಲ್ಪ ಜಾಸ್ತಿ. ಬೆಳಿಗ್ಗೆ ದಡಕ್ಕೇ ಬಂದ ಬೋಟ್ ಮಧ್ಯಾಹ್ನ ದೂರ ನಿಲ್ಲಬೇಕಾಗಬಹುದು, ನೀವು ಹವಳದ ಕಲ್ಲುಗಳ ಮೇಲೆ ನಡೆಯಬೇಕಾಗಬಹುದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಏರಿಳಿತ ಇನ್ನೂ ದೊಡ್ಡದು. ಮೊಣಕಾಲು ನೋವಿನವರು ಇದ್ದರೆ ಆ ದಿನದ ಇಳಿತದ ಸಮಯ ಕೇಳಿ, ಅದಕ್ಕೆ ತಕ್ಕಂತೆ ಹೊರಡುವ ಗಂಟೆ ಗೊತ್ತುಮಾಡಿ. ಪ್ರೈವೇಟ್‌ನಲ್ಲಿ ಇದು ಸಾಧ್ಯ.

ಅಡ್ವಾನ್ಸ್ ಕೊಡುವ ಮೊದಲು ಕ್ಯಾಪ್ಟನ್ ಲೈಸೆನ್ಸ್, ಪ್ರಯಾಣಿಕರ ವಿಮೆ, ರೇಡಿಯೊ ಇದೆಯಾ ಕೇಳಿ. ಬೋಟುಗಳಲ್ಲಿ ಬಳಸುವ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ತುರ್ತು ಕರೆಗೆ ಎಲ್ಲ ದೇಶಗಳಲ್ಲೂ ಒಂದೇ. ಮೊಬೈಲ್ ಸಿಗ್ನಲ್ ಹೋದ ಮೇಲೂ ಅದು ಕೆಲಸ ಮಾಡುತ್ತದೆ. ಹವಾಮಾನ ಕೆಟ್ಟು ಕ್ಯಾಪ್ಟನ್ ಬೋಟ್ ಬಿಡದಿದ್ದರೆ ಪೂರ್ತಿ ದುಡ್ಡು ವಾಪಸ್ಸಾ, ಇನ್ನೊಂದು ದಿನಕ್ಕೆ ಬದಲಾ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು. ಪ್ರೈವೇಟ್‌ನಲ್ಲಿ ಮೊತ್ತ ದೊಡ್ಡದಾಗಿರುವುದರಿಂದ ಇದು ಇನ್ನೂ ಮುಖ್ಯ. ಪ್ರವಾಸದ ಮೊದಲ ದಿನಕ್ಕೇ ಬೋಟ್ ಬುಕ್ ಮಾಡಿಕೊಳ್ಳಿ ಎಂದು ನಾನು ಹೇಳುವುದೂ ಇದಕ್ಕೇ. ಅವತ್ತು ಸಮುದ್ರ ಸರಿ ಇಲ್ಲದಿದ್ದರೆ ಮುಂದಕ್ಕೆ ಹಾಕಲು ದಿನಗಳು ಉಳಿದಿರುತ್ತವೆ, ಬೇಡ ಎಂದ ಕ್ಯಾಪ್ಟನ್ ಜೊತೆ ವಾದಕ್ಕೆ ನಿಲ್ಲಬೇಕಾಗುವುದಿಲ್ಲ.