ಪದ ಪರಿಚಯ: ಶುಷ್ಕ ಋತು

ಉಷ್ಣವಲಯದ ದೇಶವೊಂದಕ್ಕೆ ಪ್ರವಾಸ ಹೊರಡಲು ಯೋಚಿಸುವವರಿಗೆ ಎಲ್ಲೆಡೆ ಸಿಗುವ ಮೊದಲ ಸಲಹೆ, ಅಲ್ಲಿಯ ಶುಷ್ಕ ಋತುವಿನಲ್ಲಿ ಹೋಗಿ ಎಂಬುದು. ಸಲಹೆಯೇನೋ ಸರಿಯಾದದ್ದೇ. ಆದರೆ ಶುಷ್ಕ ಋತು ಎನ್ನುವುದು ಮಳೆಯ ಪ್ರಮಾಣವನ್ನಷ್ಟೇ ಹೇಳುವ ಪದ. ಸೆಖೆ ಎಷ್ಟಿರುತ್ತದೆ, ಆಕಾಶ ತಿಳಿಯಾಗಿರುತ್ತದೆಯೇ, ಜಲಪಾತದಲ್ಲಿ ನೀರಿರುತ್ತದೆಯೇ, ಕಾಡು ಹಸಿರಾಗಿರುತ್ತದೆಯೇ ಎಂಬ ಯಾವ ಪ್ರಶ್ನೆಗೂ ಅದು ಉತ್ತರ ಕೊಡುವುದಿಲ್ಲ. ಪ್ರವಾಸೋದ್ಯಮದ ಬಳಕೆಯಲ್ಲಿ ಈ ಪದಕ್ಕೆ ‘ಒಳ್ಳೆಯ ಕಾಲ’ ಎಂಬ ಅರ್ಥ ಅಂಟಿಕೊಂಡಿದೆ. ಪ್ರವಾಸದ ಯೋಜನೆಗಳು ಎಡವುವುದು ಬಹುಮಟ್ಟಿಗೆ ಈ ಅಂಟಿಕೊಂಡ ಅರ್ಥದಿಂದಲೇ.

ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ, ಅಂದರೆ ಸಮಭಾಜಕ ವೃತ್ತದ ಎರಡೂ ಬದಿಗೆ ಸುಮಾರು 23.4 ಡಿಗ್ರಿ ಅಕ್ಷಾಂಶದವರೆಗಿನ ಪ್ರದೇಶವನ್ನು ಉಷ್ಣವಲಯ ಎನ್ನುತ್ತೇವೆ. ಇಲ್ಲಿನ ತಗ್ಗು ಪ್ರದೇಶಗಳಲ್ಲಿ ವರ್ಷದ ಅತಿ ಬಿಸಿಯ ತಿಂಗಳಿಗೂ ಅತಿ ತಂಪಿನ ತಿಂಗಳಿಗೂ ಉಷ್ಣಾಂಶದಲ್ಲಿ ದೊಡ್ಡ ಅಂತರ ಇರುವುದಿಲ್ಲ. ಹಾಗಾಗಿ ವರ್ಷವನ್ನು ಭಾಗ ಮಾಡುವ ಕೆಲಸ ಚಳಿ-ಬಿಸಿಲುಗಳದ್ದಲ್ಲ, ಮಳೆಯದ್ದು. ಹವಾಮಾನಗಳನ್ನು ವರ್ಗೀಕರಿಸಲು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಕೊಪ್ಪೆನ್ ಪದ್ಧತಿಯ ಪ್ರಕಾರ, ಉಷ್ಣವಲಯದ ಊರೊಂದರಲ್ಲಿ ತಿಂಗಳ ಸರಾಸರಿ ಮಳೆ 60 ಮಿಲಿಮೀಟರಿಗಿಂತ ಕಡಿಮೆಯಾದರೆ ಅದು ಒಣ ತಿಂಗಳು. ಯಾವ ತಿಂಗಳೂ ಈ ಗೆರೆಯಿಂದ ಕೆಳಗಿಳಿಯದ ಊರಿಗೆ ಶುಷ್ಕ ಋತುವೇ ಇಲ್ಲ. ಸಿಂಗಪುರ ಅಂಥದ್ದು, ಅಲ್ಲಿಗೆ ಹೋಗಲು ಮಳೆಯಿಲ್ಲದ ತಿಂಗಳನ್ನು ಹುಡುಕುತ್ತಾ ಕೂರುವುದು ವ್ಯರ್ಥ ಶ್ರಮ.

ಇನ್ನುಳಿದ ಪ್ರದೇಶಗಳಲ್ಲಿ ಮಳೆ ಬಂದು ಹೋಗುವುದಕ್ಕೆ ಮುಖ್ಯ ಕಾರಣ, ಎರಡೂ ಗೋಳಾರ್ಧಗಳಿಂದ ಸಮಭಾಜಕದ ಕಡೆಗೆ ಬೀಸುವ ವಾಣಿಜ್ಯ ಮಾರುತಗಳು ಸಂಧಿಸುವ ಮೋಡದ ಪಟ್ಟಿ. ಸೂರ್ಯನ ನೇರ ಕಿರಣಗಳು ಉತ್ತರಕ್ಕೆ ಸರಿದಾಗ ಅದೂ ತುಸು ತಡವಾಗಿ ಉತ್ತರಕ್ಕೆ ಸರಿಯುತ್ತದೆ, ದಕ್ಷಿಣಕ್ಕೆ ಸರಿದಾಗ ದಕ್ಷಿಣಕ್ಕೆ ಇಳಿಯುತ್ತದೆ. ಪಟ್ಟಿ ತಲೆಯ ಮೇಲಿದ್ದಷ್ಟು ಕಾಲ ಮಳೆ, ದೂರ ಸರಿದಾಗ ಶುಷ್ಕ ಋತು. ಥಾಯ್ಲೆಂಡಿನ ಬಹುಭಾಗ ಮತ್ತು ಕೋಸ್ಟರಿಕಾದ ಪೆಸಿಫಿಕ್ ಕರಾವಳಿಯಲ್ಲಿ ಡಿಸೆಂಬರ್ ಒಣ ತಿಂಗಳಾಗಿರುವಾಗ, ಸಮಭಾಜಕದ ದಕ್ಷಿಣಕ್ಕಿರುವ ಬಾಲಿಯಲ್ಲಿ ಮಳೆಗಾಲ ನಡೆಯುತ್ತಿರುತ್ತದೆ. ಅಲ್ಲಿಯ ಶುಷ್ಕ ಋತು ಹೆಚ್ಚುಕಡಿಮೆ ಏಪ್ರಿಲಿನಿಂದ ಅಕ್ಟೋಬರ್‌ವರೆಗೆ. ಸಮಭಾಜಕದ ತೀರ ಹತ್ತಿರದ ಕೀನ್ಯಾ, ಉಗಾಂಡಗಳ ಮೇಲೆ ಈ ಪಟ್ಟಿ ವರ್ಷಕ್ಕೆ ಎರಡು ಬಾರಿ ಹಾದುಹೋಗುವುದರಿಂದ ಅಲ್ಲಿ ಎರಡು ಮಳೆಗಾಲಗಳು, ಅವುಗಳ ನಡುವೆ ಎರಡು ಶುಷ್ಕ ಅವಧಿಗಳು.

ಇದರಿಂದ ಒಂದು ದೇಶಕ್ಕೆ ಒಂದು ಶುಷ್ಕ ಋತು ಎಂಬ ಭಾವನೆ ಮೂಡಿದರೆ ಅದನ್ನು ಕೂಡಲೇ ಬಿಡಬೇಕು. ಮಾರುತ ಯಾವ ದಿಕ್ಕಿನಿಂದ ಬೀಸುತ್ತದೆ, ಅದಕ್ಕೆ ಅಡ್ಡವಾಗಿ ಬೆಟ್ಟಸಾಲು ಎಲ್ಲಿದೆ ಎಂಬುದರ ಮೇಲೆ ಒಂದೇ ದೇಶದ ಎರಡು ಕರಾವಳಿಗಳ ಪಂಚಾಂಗಗಳು ಬೇರೆಯಾಗುತ್ತವೆ. ಶ್ರೀಲಂಕಾದ ಗಾಲೆ, ಕೊಲಂಬೊಗಳಿರುವ ನೈರುತ್ಯ ಭಾಗಕ್ಕೆ ಡಿಸೆಂಬರಿನಿಂದ ಮಾರ್ಚ್ ಒಣ ಕಾಲ. ಟ್ರಿಂಕೋಮಲಿಯ ಪೂರ್ವ ಕರಾವಳಿಗೆ ಮೇ ತಿಂಗಳಿಂದ ಸೆಪ್ಟೆಂಬರ್. ಥಾಯ್ಲೆಂಡಿನಲ್ಲಿ ಅಂಡಮಾನ್ ಸಮುದ್ರದ ಕಡೆಯ ಫುಕೆಟ್ ನವೆಂಬರಿನಲ್ಲಿ ಮಳೆಯಿಂದ ಬಿಡುಗಡೆ ಪಡೆಯುತ್ತಿರುವಾಗ, ಥಾಯ್ಲೆಂಡ್ ಕೊಲ್ಲಿಯ ಕಡೆಯ ಕೊ ಸಮುಯಿ ದ್ವೀಪ ವರ್ಷದ ಅತಿ ಜೋರಿನ ಮಳೆಯನ್ನು ಕಾಣುತ್ತಿರುತ್ತದೆ. ವಿಯೆಟ್ನಾಂ ಇನ್ನೂ ಜಟಿಲ: ದಕ್ಷಿಣದ ಹೋ ಚಿ ಮಿನ್ ನಗರಕ್ಕೆ ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆಯ ಕಾಟವಿಲ್ಲ, ಆದರೆ ನಡುಭಾಗದ ಹೊಯಿ ಆನ್ ಪಟ್ಟಣದಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳು ನೆರೆಯ ಕಾಲ. ‘ವಿಯೆಟ್ನಾಮಿನ ಶುಷ್ಕ ಋತು ಯಾವಾಗ?’ ಎಂಬ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಕೊಡುವವರನ್ನು ನಂಬದಿರುವುದು ಕ್ಷೇಮ.

ಶುಷ್ಕ ಋತು ಎಂದರೆ ಸೆಖೆ ಎಂಬ ಎಣಿಕೆಯೂ ಎಲ್ಲ ಕಡೆ ನಿಲ್ಲುವುದಿಲ್ಲ. ಪೆರುವಿನ ಕುಸ್ಕೊ ನಗರ ಅಕ್ಷಾಂಶದ ಲೆಕ್ಕದಲ್ಲಿ ಉಷ್ಣವಲಯದೊಳಗೇ ಇದೆ, ಆದರೆ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಅಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಶುಷ್ಕ ಋತುವೇ ವರ್ಷದ ಚಳಿಗಾಲ. ಹಗಲು ಕಣ್ಣು ಕುಕ್ಕುವ ಬಿಸಿಲಿದ್ದರೂ ಮೋಡದ ಹೊದಿಕೆ ಇಲ್ಲದ್ದರಿಂದ ನೆಲದ ಶಾಖ ರಾತ್ರಿ ಬೇಗನೆ ಆರಿಹೋಗಿ, ಜೂನ್, ಜುಲೈ ತಿಂಗಳ ಉಷ್ಣಾಂಶ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ. ಕುಸ್ಕೊ ಮೂಲಕ ಇಂಕಾ ಜನರ ಪುರಾತನ ನೆಲೆಯಾದ ಮಾಚು ಪಿಚುವಿಗೆಂದು ಹೊರಟವರು ಉಷ್ಣವಲಯ ಎಂಬ ಮಾತನ್ನು ನಂಬಿ ಹತ್ತಿಯ ಅಂಗಿಗಳನ್ನಷ್ಟೇ ತುಂಬಿಕೊಂಡರೆ ಕುಸ್ಕೊದಲ್ಲಿ ಮೊದಲು ಕೊಳ್ಳಬೇಕಾಗುವುದು ಸ್ವೆಟರನ್ನು.

ನನ್ನ ದೃಷ್ಟಿಯಲ್ಲಿ ಯೋಜನೆ ಹಾಕುವವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು, ಮತ್ತು ಮಾರ್ಗದರ್ಶಿಗಳು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು, ಋತುವಿನ ಆರಂಭಕ್ಕೂ ಕೊನೆಗೂ ಇರುವ ವ್ಯತ್ಯಾಸ. ನಾಲ್ಕೈದು ತಿಂಗಳ ಶುಷ್ಕ ಋತು ಮೊದಲಿನಿಂದ ಕೊನೆಯವರೆಗೆ ಒಂದೇ ತೆರನಾಗಿರುವುದಿಲ್ಲ. ಮಳೆ ನಿಂತ ಮೊದಲ ವಾರಗಳಲ್ಲಿ ಧೂಳು ತೊಳೆದುಹೋದ ಗಾಳಿ ಶುಭ್ರವಾಗಿರುತ್ತದೆ, ಹೊಳೆಗಳು ತುಂಬಿರುತ್ತವೆ, ನೆಲದಲ್ಲಿ ಹಸಿರಿರುತ್ತದೆ. ತಿಂಗಳುಗಳು ಉರುಳಿದಂತೆ ನೆಲ ಒಣಗುತ್ತದೆ, ಗಾಳಿಯಲ್ಲಿ ಧೂಳು ತುಂಬುತ್ತದೆ. ಮುಂದಿನ ಮಳೆ ಬರುವ ಮುನ್ನಿನ ವಾರಗಳು ಹಲವು ದೇಶಗಳಲ್ಲಿ ವರ್ಷದ ಅತಿ ಬಿಸಿಯ ದಿನಗಳು. ಬ್ಯಾಂಕಾಕಿನಲ್ಲಿ ಡಿಸೆಂಬರ್ ತಿಂಗಳೂ ಮಾರ್ಚ್ ತಿಂಗಳೂ ಒಣ ತಿಂಗಳುಗಳೇ, ಆದರೆ ಡಿಸೆಂಬರಿನ ಮುಂಜಾನೆ ನಡೆದಾಡಲು ಹಿತವಾಗಿದ್ದರೆ ಮಾರ್ಚ್ ಕೊನೆಯ ಮಧ್ಯಾಹ್ನಗಳಲ್ಲಿ 35 ಡಿಗ್ರಿ ಸೆಲ್ಸಿಯಸ್ ದಾಟುವ ಸೆಖೆಯಲ್ಲಿ ದೇವಾಲಯದ ಅಂಗಳದ ಕಲ್ಲುಹಾಸಿನ ಮೇಲೆ ಬರಿಗಾಲು ಊರಲಾಗುವುದಿಲ್ಲ.

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಇದಕ್ಕೆ ಸ್ಪಷ್ಟವಾದ ಉದಾಹರಣೆ. ನವೆಂಬರಿನಿಂದ ಜನವರಿಯವರೆಗೆ ನಗರದ ಪಶ್ಚಿಮಕ್ಕೆ ದೊಯಿ ಸುಥೆಪ್ ಬೆಟ್ಟ ಎದ್ದು ಕಾಣುತ್ತದೆ. ಫೆಬ್ರವರಿ ಕಳೆದು ಮಾರ್ಚ್ ಬರುವಷ್ಟರಲ್ಲಿ ಸುತ್ತಲಿನ ಹೊಲಗಳ ಕೂಳೆಗೆ ಮತ್ತು ಕಾಡಿನ ಒಣ ತರಗೆಲೆಗಳಿಗೆ ಹಚ್ಚಿದ ಬೆಂಕಿಯ ಹೊಗೆ, ನೆರೆಯ ದೇಶಗಳಿಂದ ತೇಲಿಬರುವ ಹೊಗೆಯ ಜೊತೆ ಸೇರಿ ಕಣಿವೆಯಲ್ಲಿ ಕಟ್ಟಿಕೊಳ್ಳುತ್ತದೆ. ಗಾಳಿ ಅಲುಗುವುದಿಲ್ಲ, ತೊಳೆಯಲು ಮಳೆಯಿಲ್ಲ. ಅಷ್ಟು ದೊಡ್ಡ ಬೆಟ್ಟವೇ ಹೊಗೆಯಲ್ಲಿ ಮರೆಯಾಗುವ ದಿನಗಳಿರುತ್ತವೆ, ವಾಯುಮಾಲಿನ್ಯದಲ್ಲಿ ನಗರ ಜಗತ್ತಿನ ಮೇಲಿನ ಸಾಲಿಗೆ ಏರುತ್ತದೆ. ಮಳೆಯ ಕೋಷ್ಟಕದಲ್ಲಿ ಮಾತ್ರ ಜನವರಿಯೂ ಮಾರ್ಚೂ ಒಂದೇ ರೀತಿಯ ಒಣ ತಿಂಗಳುಗಳು. ಪಶ್ಚಿಮ ಆಫ್ರಿಕದಲ್ಲಿ ಹಾಗೆಯೇ ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸಹಾರದಿಂದ ಹರ್ಮಟ್ಟನ್ ಎಂಬ ಒಣಗಾಳಿ ಬೀಸಿ, ಅದು ಹೊತ್ತು ತರುವ ನುಣ್ಣನೆಯ ಧೂಳಿನಲ್ಲಿ ಸೂರ್ಯ ಮಸುಕಾಗುತ್ತಾನೆ. ವಿಮಾನಗಳು ತಡವಾಗುವುದೂ ಉಂಟು. ಮೋಡವಿಲ್ಲದ ಆಕಾಶವೆಲ್ಲ ನೀಲಿ ಆಕಾಶವಲ್ಲ.

ಹಾಗೆಂದು ಋತುವಿನ ಕೊನೆ ಯಾವಾಗಲೂ ಕೆಟ್ಟದ್ದೆಂದು ತೀರ್ಮಾನಿಸಬಾರದು. ಏನು ನೋಡಲು ಹೋಗುತ್ತೇವೆ ಎಂಬುದರ ಮೇಲೆ ಲೆಕ್ಕವೇ ತಿರುಗಿಬೀಳುತ್ತದೆ. ತಾಂಜಾನಿಯದ ತರಂಗೀರೆ ಉದ್ಯಾನದಲ್ಲಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಸುತ್ತಲಿನ ನೀರಿನ ತಾಣಗಳು ಬತ್ತಿ, ಆನೆಗಳು ನದಿಯ ಬಳಿ ಸೇರುತ್ತವೆ. ಹುಲ್ಲು ಗಿಡ್ಡವಾಗಿ, ಪೊದೆಗಳು ಎಲೆ ಕಳೆದುಕೊಂಡಿರುವುದರಿಂದ ಪ್ರಾಣಿಗಳು ದೂರದಿಂದಲೇ ಕಾಣುತ್ತವೆ. ಬ್ರೆಜಿಲಿನ ಪಂಟನಾಲ್ ಜೌಗಿನಲ್ಲಿ ಜಾಗ್ವಾರ್‌ಗಳನ್ನು ಹುಡುಕುವವರೂ ಇದೇ ಕಾರಣಕ್ಕೆ ಜುಲೈಯಿಂದ ಅಕ್ಟೋಬರ್ ನಡುವಿನ ದಿನಗಳನ್ನು ಆರಿಸಿಕೊಳ್ಳುತ್ತಾರೆ. ಜಾಂಬಿಯಾ, ಜಿಂಬಾಬ್ವೆಗಳ ಗಡಿಯಲ್ಲಿರುವ ವಿಕ್ಟೋರಿಯಾ ಜಲಪಾತದ ಮಾತು ಇದಕ್ಕೆ ವಿರುದ್ಧ. ಜಾಂಬೆಜಿ ನದಿಯ ಮೇಲ್ಭಾಗದಲ್ಲಿ ಸುರಿದ ಮಳೆ ಜಲಪಾತಕ್ಕೆ ತಲುಪಲು ಸಮಯ ಹಿಡಿಯುವುದರಿಂದ, ಅಲ್ಲಿ ಮಳೆ ನಿಲ್ಲುತ್ತ ಬಂದ ಏಪ್ರಿಲ್ ಆಸುಪಾಸಿನಲ್ಲಿ ನೀರಿನ ಅಬ್ಬರ ತಾರಕಕ್ಕೇರುತ್ತದೆ. ಅದೇ ಶುಷ್ಕ ಋತುವಿನ ತುದಿಯಾದ ಅಕ್ಟೋಬರ್, ನವೆಂಬರಿನಲ್ಲಿ ಜಾಂಬಿಯಾ ಬದಿಯ ಅಂಚಿನ ಬಹುಭಾಗ ಬರಿಯ ಕಪ್ಪು ಬಂಡೆಯಾಗಿರುತ್ತದೆ. ಕಾಂಬೋಡಿಯಾದ ತೊನ್ಲೆ ಸಾಪ್ ಸರೋವರವಂತೂ ಮಳೆಗಾಲದಲ್ಲಿ ಹಲವು ಪಟ್ಟು ಹಿಗ್ಗಿ, ಒಣ ತಿಂಗಳುಗಳಲ್ಲಿ ಕುಗ್ಗುತ್ತದೆ. ಎತ್ತರದ ಕಂಬಗಳ ಮೇಲಿನ ಮನೆಗಳ ನಡುವೆ ದೋಣಿಯಲ್ಲಿ ಸಾಗುವ ಆಸೆಯಿಂದ ಮಾರ್ಚ್‌ನಲ್ಲಿ ಹೋದವರು ಆ ಕಂಬಗಳ ಬುಡದಲ್ಲಿ ಒಣ ನೆಲವನ್ನು ಕಾಣಬೇಕಾದೀತು.

ಯೋಜನೆ ಹಾಕುವಾಗ ಹವಾಮಾನದ ಕೋಷ್ಟಕವನ್ನು ಓದುವ ಕ್ರಮವನ್ನೂ ತಿಳಿದಿರಬೇಕು. ಒಂದು ತಿಂಗಳ ಮಳೆಯ ಮೊತ್ತವನ್ನಷ್ಟೇ ನೋಡಿದರೆ ಅದು ಹೇಗೆ ಬಿತ್ತು ಎಂಬುದು ಗೊತ್ತಾಗುವುದಿಲ್ಲ. ನೂರು ಮಿಲಿಮೀಟರ್ ಮಳೆ ಎರಡು ಮೂರು ಸಂಜೆಗಳ ಗುಡುಗಿನೊಂದಿಗೆ ಸುರಿದು ಮುಗಿದಿರಬಹುದು, ಇಲ್ಲವೇ ಹದಿನೈದು ದಿನ ಜಿಟಿಜಿಟಿ ಹಿಡಿದಿರಬಹುದು. ಪ್ರವಾಸಿಗೆ ಇವೆರಡೂ ಒಂದೇ ಅಲ್ಲ. ಆದ್ದರಿಂದ ಮೊತ್ತದ ಪಕ್ಕದಲ್ಲಿರುವ ಮಳೆಯ ದಿನಗಳ ಸಂಖ್ಯೆ, ದಿನಕ್ಕೆ ಸಿಗುವ ಬಿಸಿಲಿನ ಗಂಟೆಗಳು, ತೇವಾಂಶ, ಈ ಮೂರನ್ನೂ ಒಟ್ಟಿಗೆ ಓದಬೇಕು, ಅದೂ ದೇಶದ ರಾಜಧಾನಿಯದ್ದಲ್ಲ, ತಂಗುವ ಊರಿನದ್ದು. ಕೋಷ್ಟಕಗಳಲ್ಲಿರುವುದು ಹಲವು ವರ್ಷಗಳ ಸರಾಸರಿ ಎಂಬುದೂ ನೆನಪಿರಲಿ. ಪೆಸಿಫಿಕ್ ಸಾಗರದ ಮೇಲ್ಮೈ ನೀರು ವಾಡಿಕೆಗಿಂತ ಬೆಚ್ಚಗಾಗುವ ಎಲ್ ನಿನೊ ವಿದ್ಯಮಾನ ಬಲಗೊಂಡ ವರ್ಷಗಳಲ್ಲಿ ಇಂಡೊನೇಶಿಯಾದ ಶುಷ್ಕ ಋತು ಉದ್ದವಾಗುತ್ತದೆ. 2015ರಲ್ಲಿ ಹಾಗಾದಾಗ ಸುಮಾತ್ರ ಮತ್ತು ಬೋರ್ನಿಯೊಗಳ ಬೆಂಕಿಯ ಹೊಗೆ ಸಿಂಗಪುರ, ಮಲೇಶಿಯಾಗಳನ್ನೂ ಮುಚ್ಚಿತ್ತು. 2023ರ ಅಕ್ಟೋಬರಿನಲ್ಲಿ ಅಮೆಜಾನ್ ಕಾಡಿನ ನಡುವಿನ ಮನೌಸ್ ನಗರದ ಬಳಿ ರಿಯೊ ನೆಗ್ರೊ ನದಿ, 1902ರಿಂದ ನಡೆದುಬಂದ ದಾಖಲೆಯಲ್ಲೇ ಅತಿ ಕೆಳಮಟ್ಟಕ್ಕೆ ಇಳಿಯಿತು. ಮರುವರ್ಷ ಅದಕ್ಕಿಂತಲೂ ಕೆಳಗಿಳಿಯಿತು. ದೋಣಿಯೇ ದಾರಿಯಾದ ಕಡೆ ನದಿ ಬತ್ತಿತೆಂದರೆ ಪ್ರವಾಸಿಯಷ್ಟೇ ಅಲ್ಲ, ಊರುಗಳೇ ಸಿಕ್ಕಿಬೀಳುತ್ತವೆ.

ಸರಾಸರಿಗಿಂತ ನಂಬಿಕಸ್ಥವಾದ ಇನ್ನೊಂದು ಸುಳಿವಿದೆ: ಸ್ಥಳಗಳು ಬಾಗಿಲು ಹಾಕುವ ದಿನಾಂಕಗಳು. ಥಾಯ್ಲೆಂಡಿನ ಸಿಮಿಲನ್ ದ್ವೀಪಗಳ ರಾಷ್ಟ್ರೀಯ ಉದ್ಯಾನ ಪ್ರತಿವರ್ಷ ಮೇ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಮುಚ್ಚಿರುತ್ತದೆ. ಮಾಚು ಪಿಚುವಿಗೆ ಹೋಗುವ ಪೆರುವಿನ ಇಂಕಾ ಕಾಲುದಾರಿಯನ್ನು ಮಳೆ ಜೋರಿರುವ ಫೆಬ್ರವರಿಯಲ್ಲಿ ಮುಚ್ಚಿ ದುರಸ್ತಿ ಮಾಡುತ್ತಾರೆ. ಈ ದಿನಾಂಕಗಳನ್ನು ಗೊತ್ತುಪಡಿಸಿದವರು ಅಲ್ಲಿಯ ಕಡಲನ್ನೂ ಬೆಟ್ಟವನ್ನೂ ವರ್ಷಗಟ್ಟಲೆ ಕಂಡವರು. ಕೋಣೆ ಮಾರುವವರ ಜಾಹೀರಾತಿಗಿಂತ ಅವರ ಲೆಕ್ಕ ಗಟ್ಟಿ.

ಜನಜಂಗುಳಿ ಮತ್ತು ದರದ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ. ಎಲ್ಲರೂ ಅದೇ ಸಲಹೆ ಪಾಲಿಸುವುದರಿಂದ ಒಣ ತಿಂಗಳುಗಳಲ್ಲಿ, ಅದರಲ್ಲೂ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವೆ, ಕೋಣೆಗಳು ದುಬಾರಿಯಾಗುತ್ತವೆ, ಮುಂಗಡ ಕಾದಿರಿಸದೆ ಸಿಗುವುದಿಲ್ಲ. ಮಳೆ ಹಿಂದೆ ಸರಿಯುವ ಮತ್ತು ಒಣ ಕಾಲ ಇನ್ನೂ ನೆಲೆಯೂರದ ಮೂರು ನಾಲ್ಕು ವಾರಗಳು ಬಿಡುವಿರುವವರಿಗೆ ಬಹಳ ಒಳ್ಳೆಯ ಆಯ್ಕೆ. ಸಂಜೆಯ ಒಂದೆರಡು ಮಳೆಗೆ ಸಿದ್ಧವಿದ್ದರೆ ಸಾಕು. ಕೆರಿಬಿಯನ್ ದ್ವೀಪಗಳಲ್ಲಿ ಮಾತ್ರ ಈ ಯುಕ್ತಿ ಎಚ್ಚರಿಕೆಯಿಂದ ಬಳಸತಕ್ಕದ್ದು, ಏಕೆಂದರೆ ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಅಧಿಕೃತವಾಗಿ ಜೂನ್ 1ರಿಂದ ನವೆಂಬರ್ 30ರವರೆಗೆ ಇರುತ್ತದೆ.

ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನೇ ನೆಚ್ಚಿ ಮಲೇರಿಯಾದ ಮುನ್ನೆಚ್ಚರಿಕೆ ಬಿಡುವಂತಿಲ್ಲ. ಒಣ ತಿಂಗಳುಗಳಲ್ಲೂ ಸೋಂಕು ಹರಡುವ ಪ್ರದೇಶಗಳಿವೆ, ವೈದ್ಯರ ಸಲಹೆ ಹೊರಡುವ ಕೆಲವು ವಾರ ಮುಂಚೆಯೇ ಬೇಕು. ಹಳದಿ ಜ್ವರದ ಲಸಿಕೆಯನ್ನು ಕೇಳುವ ದೇಶಕ್ಕೆ ಹೋಗುವುದಾದರೆ, ಅದರ ಪ್ರಮಾಣಪತ್ರ ಮಾನ್ಯವಾಗುವುದು ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರ. ಟಿಕೆಟ್ಟಿನ ದಿನಾಂಕ ನಿಗದಿಪಡಿಸುವಾಗ ಈ 10 ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.