ಐದು ಗಂಟೆ ಓಡಿಸಿದರೂ ವ್ಯಾನಿನ ಹಿಂದಿನ ಬ್ಯಾಟರಿ ಯಾಕೆ ತುಂಬೋದಿಲ್ಲ?

ಪ್ರಶ್ನೆ: ನಮ್ಮ ವ್ಯಾನನ್ನು ಕ್ಯಾಂಪರ್ (ಒಳಗೇ ಮಲಗಿ ಪ್ರವಾಸ ಮಾಡುವ ಗಾಡಿ) ಮಾಡಿಸಿದ್ದೇವೆ. ಹಿಂದೆ 150 ಎಎಚ್ (ಆಂಪಿಯರ್-ಅವರ್, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಟ್ಯೂಬುಲರ್ ಬ್ಯಾಟರಿ, ಮನೆಯ ಇನ್ವರ್ಟರಿಗೆ ಹಾಕುವಂಥದ್ದು, ಇದೆ. ಓಡುವಾಗ ಎಂಜಿನ್ನಿನಿಂದ ಅದು ಚಾರ್ಜ್ ಆಗಬೇಕು. ಬೆಂಗಳೂರಿನಿಂದ ಸಕಲೇಶಪುರ ತಲುಪಿದ ಮೇಲೂ ರಾತ್ರಿ ಹತ್ತಕ್ಕೆಲ್ಲ ಫ್ರಿಜ್ ನಿಂತುಹೋಗುತ್ತೆ. ಬ್ಯಾಟರಿ ಬದಲಾಯಿಸಬೇಕಾ?

ಉತ್ತರ: ದಯವಿಟ್ಟು ಈಗಲೇ ಬೇಡ. ಮೊದಲು ಒಂದು ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಚಾಲೂ ಇರಲಿ, ಫ್ರಿಜ್ಜೂ ಓಡುತ್ತಿರಲಿ. ಮುಂದಿನ ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಒಮ್ಮೆ, ಹಿಂದಿನದರಲ್ಲಿ ಒಮ್ಮೆ ವೋಲ್ಟೇಜ್ ನೋಡಿ. ಮುಂದೆ 14.2, ಹಿಂದೆ 13 ಬಂದರೆ ತೊಂದರೆ ಇರುವುದು ನಡುವಿನ ದಾರಿಯಲ್ಲಿ, ಅಂದರೆ ವೈರು ಮತ್ತು ಅದರ ಜೋಡಣೆಗಳಲ್ಲಿ.

ನನ್ನ ಗಾಡಿಯಲ್ಲೂ ಇದೇ ಆಗಿತ್ತು. ಎರಡು ದಿನ ಹುಡುಕಿದೆ. ಕೊನೆಗೆ ಮ್ಯಾಟ್ ಎತ್ತಿದರೆ ಅರ್ತಿಂಗ್ ಲಗ್ಗನ್ನು (ನೆಗೆಟಿವ್ ವೈರನ್ನು ಗಾಡಿಯ ಬಾಡಿಗೆ ಕೂಡಿಸುವ ಲೋಹದ ತುದಿ) ಪೇಂಟಿನ ಮೇಲೇ ಬೋಲ್ಟ್ ಮಾಡಿದ್ದರು; ಸುತ್ತ ಹಸಿರು ಪುಡಿ, ಮುಟ್ಟಿದರೆ ಬೆಚ್ಚಗೆ. ಲೋಹ ಹೊಳೆಯುವವರೆಗೆ ಪೇಂಟ್ ಉಜ್ಜಿ, ಹೊಸ ಲಗ್ ಕ್ರಿಂಪ್ ಮಾಡಿಸಿದೆ. ಹಿಂದಿನ ಬ್ಯಾಟರಿಯ ವೋಲ್ಟೇಜ್ 12.9ರಿಂದ 13.7ಕ್ಕೆ ಏರಿತು.

ವೈರಿನ ದಪ್ಪವನ್ನೂ ನೋಡಿ. ಮನೆ ವೈರಿಂಗಿನ 2.5 ಸ್ಕ್ವೇರ್ ಎಂಎಂ ತಾಮ್ರವನ್ನೇ ಎಳೆದಿದ್ದರೆ, ಹೋಗಿ ಬರುವ 10 ಮೀಟರಿನಲ್ಲಿ 20 ಆಂಪಿಯರಿಗೆ ಸುಮಾರು 1.6 ವೋಲ್ಟ್ ಸೋರಿಹೋಗುತ್ತದೆ. 16 ಸ್ಕ್ವೇರ್ ಎಂಎಂ ಆದರೆ ಕಾಲು ವೋಲ್ಟ್ ಅಷ್ಟೆ. ಎರಡು ತುದಿಯಲ್ಲೂ ಬ್ಯಾಟರಿ ಇರುವುದರಿಂದ ಎರಡು ತುದಿಗೂ ಫ್ಯೂಸ್ ಬೇಕೇ ಬೇಕು.

ಮುಂದಿನ ಬ್ಯಾಟರಿಯಲ್ಲೇ 12.8 ತೋರಿಸಿದರೆ ಕಥೆ ಬೇರೆ. ಈಚಿನ, ಅದರಲ್ಲೂ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಾಲಿನ್ಯದ ಮಾನದಂಡ) ಗಾಡಿಗಳಲ್ಲಿ ಅನೇಕವು, ಇಂಧನ ಉಳಿಸಲು ಮುಂದಿನ ಬ್ಯಾಟರಿ ತುಂಬಿದ ಕೂಡಲೇ ಆಲ್ಟರ್ನೇಟರ್ (ಎಂಜಿನ್ ತಿರುಗಿಸುವ, ಕರೆಂಟ್ ಉತ್ಪಾದಿಸುವ ಯಂತ್ರ) ವೋಲ್ಟೇಜನ್ನು ಇಳಿಸಿಬಿಡುತ್ತವೆ. ಆಗ ಎಷ್ಟು ದಪ್ಪ ವೈರ್ ಹಾಕಿದರೂ ಪ್ರಯೋಜನವಿಲ್ಲ. ಎರಡು ಬ್ಯಾಟರಿಗಳ ನಡುವೆ ಡಿಸಿ-ಡಿಸಿ ಚಾರ್ಜರ್ (ವೋಲ್ಟೇಜ್ ಏರಿಸಿ-ಇಳಿಸಿ ಕೊಡುವ ಸಾಧನ) ಹಾಕಿಸಿ. ಬರುವ ವೋಲ್ಟೇಜ್ ಸ್ವಲ್ಪ ಕಡಿಮೆ ಇದ್ದರೂ ಅದು ಹಿಂದಿನ ಬ್ಯಾಟರಿಗೆ ಬೇಕಾದ 14.4 ಕೊಡುತ್ತದೆ.

ಇನ್ನೊಂದು ಲೆಕ್ಕ. ಟ್ಯೂಬುಲರ್ ಬ್ಯಾಟರಿಗೆ ಸಾಮಾನ್ಯವಾಗಿ ಅದರ ಎಎಚ್‌ನ ಹತ್ತನೇ ಒಂದು ಭಾಗ, ಅಂದರೆ ನಿಮ್ಮದಕ್ಕೆ 15 ಆಂಪಿಯರ್ ಚಾರ್ಜಿಂಗ್ ಹಿತ. ಐದು ಗಂಟೆಗೆ ಹೆಚ್ಚೆಂದರೆ 75 ಎಎಚ್, ಅರ್ಧ ಬ್ಯಾಟರಿ. ಮನೆಯಿಂದ ಹೊರಡುವ ಹಿಂದಿನ ರಾತ್ರಿ ಪ್ಲಗ್ಗಿಗೆ ಹಾಕಿ ಪೂರ್ತಿ ತುಂಬಿಸಿಕೊಳ್ಳಿ. ತುಂಬಿಸಿ, ನಾಲ್ಕು ಗಂಟೆ ಏನೂ ಬಳಸದೆ ಬಿಟ್ಟಾಗ 12.7ರ ಹತ್ತಿರ ನಿಲ್ಲಬೇಕು. 12.2ಕ್ಕೆ ಕುಸಿದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನಪಡಿ.

ಬದಲಾಯಿಸುವುದೇ ಆದರೆ ಲಿಥಿಯಂ ಐರನ್ ಫಾಸ್ಫೇಟ್ ಒಳ್ಳೆಯದು, ಬೇಗ ತುಂಬುತ್ತದೆ. ಆದರೆ ಅದನ್ನು ನೇರವಾಗಿ ಆಲ್ಟರ್ನೇಟರಿಗೆ ಕಟ್ಟಬೇಡಿ. ಸಿಕ್ಕಷ್ಟೂ ಕರೆಂಟ್ ಎಳೆಯುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎಂಜಿನ್ ಐಡಲಿನಲ್ಲಿ ನಿಂತಾಗ ಫ್ಯಾನ್ ನಿಧಾನವಾಗಿ ತಿರುಗುವ ಆಲ್ಟರ್ನೇಟರ್ ಕಾದು ಸುಟ್ಟೇಹೋಗಬಹುದು. ಇಲ್ಲೂ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಅದನ್ನು ತಡೆಯುತ್ತದೆ.

ಈಗಿರುವ ಟ್ಯೂಬುಲರ್ ನೀವು ಮಲಗುವ ಹಲಗೆಯ ಕೆಳಗಿದ್ದರೆ, ಇದೇ ವಾರ ಅದರ ಪೆಟ್ಟಿಗೆಯ ಮೇಲ್ಭಾಗದಿಂದ ಗಾಡಿಯ ಹೊರಕ್ಕೆ ಒಂದು ಪೈಪ್ ತೆಗೆಸಿ. ಚಾರ್ಜ್ ಆಗುವಾಗ ಅದರಿಂದ, ಕಿಡಿ ತಗುಲಿದರೆ ಸ್ಫೋಟಿಸಬಲ್ಲ ಹೈಡ್ರೋಜನ್ ಅನಿಲ ಬರುತ್ತದೆ.