ಬೀಗರು ಕಿಲ್ಟ್ ಧರಿಸಿ ಎನ್ನುತ್ತಿದ್ದಾರೆ, ಯಾವುದನ್ನು ಆರಿಸಲಿ?

ಪ್ರಶ್ನೆ: ನಮ್ಮ ಮಗಳ ಮದುವೆ ಬರುವ ಜೂನ್‌ನಲ್ಲಿ ಎಡಿನ್‌ಬರೋದಲ್ಲಿ ನಡೆಯಲಿದೆ. ಹುಡುಗ ಸ್ಕಾಟ್ಲೆಂಡಿನವನು. ಬೆಳಿಗ್ಗೆ ನಮ್ಮ ಪದ್ಧತಿಯಂತೆ ಧಾರೆ, ಮಧ್ಯಾಹ್ನ 2ಕ್ಕೆ ಅವರ ಪದ್ಧತಿಯ ಮದುವೆ, ರಾತ್ರಿ ಊಟ ಮತ್ತು ಕುಣಿತ. ಮಧ್ಯಾಹ್ನದ ಕಾರ್ಯಕ್ಕೆ ನಾನೂ ನನ್ನ ಮಗನೂ ಹೈಲ್ಯಾಂಡ್ ಉಡುಪು, ಅಂದರೆ ಕಿಲ್ಟ್ ಎಂಬ ನೆರಿಗೆಯ ಗಿಡ್ಡ ಲಂಗದಂಥ ಬಟ್ಟೆ ಮತ್ತು ಅದರ ಜಾಕೆಟ್, ಧರಿಸಬೇಕೆಂದು ಬೀಗರು ಪ್ರೀತಿಯಿಂದ ಕೇಳಿದ್ದಾರೆ. ಬಾಡಿಗೆ ಅಂಗಡಿಯ ಪಟ್ಟಿಯಲ್ಲಿ ಪ್ರಿನ್ಸ್ ಚಾರ್ಲಿ, ಆರ್ಗೈಲ್, ಟ್ವೀಡ್ ಎಂದೆಲ್ಲ ಜಾಕೆಟ್‌ಗಳ ಹೆಸರಿವೆ. ಕಿಲ್ಟ್ ಬಟ್ಟೆಯ ಚೌಕಳಿ ವಿನ್ಯಾಸಗಳಾದ ಟಾರ್ಟನ್‌ಗಳಂತೂ ಲೆಕ್ಕವಿಲ್ಲದಷ್ಟು. ಯಾವುದನ್ನು ಆರಿಸಬೇಕು? ಅವರ ಕುಲಕ್ಕೆ ಸೇರದ ನಾವು ಅದನ್ನು ಧರಿಸುವುದು ತಪ್ಪಾಗುವುದಿಲ್ಲವೇ?

ಉತ್ತರ: ತಪ್ಪಾಗುವುದಿಲ್ಲ. ಬೀಗರೇ ಬಾಯಿಬಿಟ್ಟು ಕೇಳಿರುವಾಗ ಸಂಕೋಚಕ್ಕೆ ಎಡೆಯಿಲ್ಲ. ಆಯ್ಕೆಯ ವಿಚಾರದಲ್ಲಿ ನನ್ನ ಸಲಹೆ ಇಷ್ಟು: ಜಾಕೆಟ್ ಆರ್ಗೈಲ್ ಇರಲಿ, ಸೊಂಟದ ಅಳತೆಯನ್ನು ಹೊಕ್ಕುಳಿನ ಮಟ್ಟದಲ್ಲಿ ತೆಗೆಸಿ, ಟಾರ್ಟನ್ ಯಾವುದೆಂಬುದನ್ನು ಕೊನೆಗೆ ಯೋಚಿಸಿ. ಹೆಚ್ಚಿನವರು ಈ ಕ್ರಮವನ್ನು ತಿರುಗುಮುರುಗು ಮಾಡುತ್ತಾರೆ. ಬಟ್ಟೆಯ ಬಣ್ಣಕ್ಕೆ ಮನಸೋತು, ಹೆಚ್ಚು ಹೊಳೆಯುವ ಜಾಕೆಟನ್ನು ಅದರ ಮೇಲೆ ಸೇರಿಸಿ, ಅಳತೆಯನ್ನು ಪ್ಯಾಂಟಿನ ಪಟ್ಟಿ ನೋಡಿ ಬರೆದು ಕಳಿಸುತ್ತಾರೆ. ಆಮೇಲೆ ಇಡೀ ದಿನ ಕಿಲ್ಟನ್ನು ಮೇಲಕ್ಕೆ ಎಳೆದುಕೊಳ್ಳುತ್ತಲೇ ಕಳೆಯುತ್ತಾರೆ.

ಮೊದಲು ಜಾಕೆಟ್. ಪ್ರಿನ್ಸ್ ಚಾರ್ಲಿ ಎಂಬುದು ಸೊಂಟದ ಮಟ್ಟಕ್ಕೆ ಮುಗಿಯುವ ಕಪ್ಪು ಜಾಕೆಟ್. ಸಾಮಾನ್ಯವಾಗಿ ಸ್ಯಾಟಿನ್ ಕಾಲರ್, ಬೆಳ್ಳಿ ಬಣ್ಣದ ಗುಂಡಿಗಳ ಸಾಲು, ಬೆನ್ನಿನ ಕೆಳಗೆ ಗಿಡ್ಡ ಬಾಲ ಇರುತ್ತವೆ. ಒಳಗೆ ಮೂರು ಗುಂಡಿಯ ವೇಸ್ಟ್‌ಕೋಟ್, ಕೊರಳಿಗೆ ಕಪ್ಪು ಬೋ ಟೈ. ಸೂಟುಗಳ ಲೋಕದಲ್ಲಿ ಡಿನ್ನರ್ ಜಾಕೆಟ್‌ಗೆ ಯಾವ ಸ್ಥಾನವೋ ಕಿಲ್ಟ್‌ನ ಲೋಕದಲ್ಲಿ ಇದಕ್ಕೂ ಅದೇ. ಅಂದರೆ ಇದು ಸಂಜೆ 6ರ ನಂತರದ ಉಡುಪು. ಬಾಡಿಗೆ ಅಂಗಡಿಗಳ ಪ್ರಭಾವದಿಂದ ಈಗ ಸ್ಕಾಟ್ಲೆಂಡಿನ ಎಷ್ಟೋ ವರರು ಇದನ್ನೇ ಹಾಡುಹಗಲಿನಲ್ಲಿ ಧರಿಸುತ್ತಾರೆ, ಯಾರೂ ಆಕ್ಷೇಪಿಸುವುದಿಲ್ಲ. ಆದರೂ ಮಧ್ಯಾಹ್ನ 2ರ ಬೆಳಕಿನಲ್ಲಿ ಸ್ಯಾಟಿನ್ ಕಾಲರ್ ಸ್ವಲ್ಪ ಹೊತ್ತಿಗೆ ಮುಂಚೆ ಬಂದಂತೆಯೇ ಕಾಣುತ್ತದೆ.

ಆರ್ಗೈಲ್ ಇದಕ್ಕಿಂತ ಸರಳವೂ ಉದಾರವೂ ಆದದ್ದು. ತುಸು ಉದ್ದವಾಗಿರುತ್ತದೆ, ತೋಳಿನ ತುದಿಯಲ್ಲಿ ಅಗಲವಾದ ಮಡಿಕೆಯ ಪಟ್ಟಿ ಇರುತ್ತದೆ, ಸಾಮಾನ್ಯ ಉದ್ದ ಟೈ ಒಪ್ಪುತ್ತದೆ. ಕಪ್ಪು ಅಥವಾ ಗಾಢ ಬೂದು ಬಟ್ಟೆಯ ಆರ್ಗೈಲ್‌ಗೆ ಐದು ಗುಂಡಿಯ ವೇಸ್ಟ್‌ಕೋಟ್ ಸೇರಿಸಿದರೆ ಮಧ್ಯಾಹ್ನದ ಮದುವೆಗೂ ಸರಿ, ರಾತ್ರಿಯ ಊಟಕ್ಕೂ ಸರಿ. ನಿಮ್ಮ ವಯಸ್ಸಿನವರಿಗೆ ಇದನ್ನು ಹೇಳಲು ಇನ್ನೊಂದು ಕಾರಣವೂ ಇದೆ. ಪ್ರಿನ್ಸ್ ಚಾರ್ಲಿಯ ಗುಂಡಿಗಳು ಅಲಂಕಾರಕ್ಕೆ ಮಾತ್ರ, ಮುಂಭಾಗ ತೆರೆದೇ ಇರುತ್ತದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದರೆ, ಕೂತು ಎದ್ದಾಗಲೆಲ್ಲ ವೇಸ್ಟ್‌ಕೋಟ್ ಮೇಲೇರಿ ಅದರ ಕೆಳಗೆ ಬಿಳಿ ಅಂಗಿ ಇಣುಕುತ್ತದೆ. ಆರ್ಗೈಲ್ ಅದನ್ನು ಮುಚ್ಚುತ್ತದೆ. ನಿಮ್ಮ ಮಗ ಯುವಕ, ವರನ ಗೆಳೆಯರೆಲ್ಲ ಪ್ರಿನ್ಸ್ ಚಾರ್ಲಿಯಲ್ಲಿ ನಿಲ್ಲುವುದಾದರೆ ಅವನೂ ಅದನ್ನೇ ತೊಡಲಿ. ತಂದೆ ಮಗ ಒಂದೇ ಬಗೆಯ ಜಾಕೆಟ್‌ನಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಒರಟು ಉಣ್ಣೆಯ ಟ್ವೀಡ್ ಹಳ್ಳಿಗಾಡಿನ ಹಗಲು ಮದುವೆಗೆ ಬಹಳ ಚೆನ್ನ, ನಗರದ ಹೋಟೆಲಿನ ರಾತ್ರಿಯೂಟಕ್ಕೆ ತುಸು ಸಡಿಲ ಎನಿಸುತ್ತದೆ. ಕೊರಳಿಗೆ ಜಾಬೋ ಎಂಬ ಲೇಸಿನ ಝಾಲರಿ ಇರುವ ಮಾಂಟ್ರೋಸ್, ಶೆರಿಫ್‌ಮ್ಯೂರ್ ಡಬ್ಲೆಟ್ ಜಾಕೆಟ್‌ಗಳು ಅತ್ಯಂತ ವಿಧಿವತ್ತಾದ ರಾತ್ರಿ ಸಮಾರಂಭಗಳವು, ಅವುಗಳ ಗೊಡವೆ ನಿಮಗೆ ಬೇಡ. ಮನೆಯಲ್ಲಿರುವ ಸೂಟಿನ ಕೋಟನ್ನು ಕಿಲ್ಟ್ ಮೇಲೆ ಹಾಕಿಕೊಳ್ಳುವ ಯೋಚನೆ ಮಾತ್ರ ಖಂಡಿತ ಮಾಡಬೇಡಿ. ಮುಂದೆ ತೂಗುವ ಚೀಲಕ್ಕೆ ಜಾಗ ಬಿಡಲೆಂದೇ ಕಿಲ್ಟ್‌ನ ಜಾಕೆಟ್‌ಗಳನ್ನು ಗಿಡ್ಡವಾಗಿ ಕತ್ತರಿಸಿರುತ್ತಾರೆ.

ಇನ್ನು ಅಳತೆ. ಇಡೀ ಉಡುಪಿನ ಅಂದ ನಿಂತಿರುವುದು ಇದರ ಮೇಲೆಯೇ. ಪಂಚೆ ಉಟ್ಟು ಅಭ್ಯಾಸವಿರುವವರಿಗೆ ಕಿಲ್ಟ್ ಬೇಗ ಒಗ್ಗುತ್ತದೆ, ಏಕೆಂದರೆ ಎರಡೂ ನಿಲ್ಲುವುದು ಹೊಕ್ಕುಳಿನ ಆಸುಪಾಸಿನಲ್ಲಿ. ವ್ಯತ್ಯಾಸವೆಂದರೆ ಪಂಚೆಯ ನೆರಿಗೆ ಮುಂದೆ ಬೀಳುತ್ತದೆ, ಕಿಲ್ಟ್‌ನ ನೆರಿಗೆಗಳೆಲ್ಲ ಹಿಂದೆ ಹೊಲಿದುಹೋಗಿರುತ್ತವೆ, ಮುಂಭಾಗ ಚಪ್ಪಟೆ. ವಿಧಿವತ್ತಾದ ಕಿಲ್ಟ್‌ಗೆ 8 ಗಜ ಉಣ್ಣೆ ಬಟ್ಟೆ, ಅಂದರೆ 7 ಮೀಟರಿಗೂ ಹೆಚ್ಚು ಹಿಡಿಸುತ್ತದೆ. ಆ ಭಾರ ಕೆಳಗೆ ಜಾರದಿರಬೇಕಾದರೆ ಪಕ್ಕೆಲುಬುಗಳಿಗೂ ಸೊಂಟದ ಮೂಳೆಗೂ ನಡುವೆ ಬಿಗಿಯಾಗಿ ಕೂರಬೇಕು. ಪ್ಯಾಂಟನ್ನು ನಾವು ಅದಕ್ಕಿಂತ ಕೆಳಗೆ ತೊಡುತ್ತೇವೆ, ಹಾಗಾಗಿ ಪ್ಯಾಂಟಿನ ಸಂಖ್ಯೆ ಇಲ್ಲಿ ಕೆಲಸಕ್ಕೆ ಬಾರದು. ನಿಮ್ಮೂರಿನ ದರ್ಜಿಯ ಹತ್ತಿರವೇ ನಾಲ್ಕು ಅಳತೆ ತೆಗೆಸಿ: ಹೊಕ್ಕುಳಿನ ಮಟ್ಟದ ಸುತ್ತಳತೆ, ನಿತಂಬದ ಅತಿ ಅಗಲವಾದ ಕಡೆಯ ಸುತ್ತಳತೆ, ಹೊಕ್ಕುಳಿನಿಂದ ಮಂಡಿಚಿಪ್ಪಿನ ನಡುವಿನವರೆಗಿನ ಉದ್ದ, ಎದೆಯ ಸುತ್ತಳತೆ. ಜೊತೆಗೆ ಎತ್ತರವನ್ನು ಬರೆಯಿರಿ. ಅಂಚು ಮಂಡಿಚಿಪ್ಪಿನ ನಡುವೆ ನಿಂತರೆ ಚೆಂದ, ಮಂಡಿ ಪೂರ್ತಿ ಮುಚ್ಚಿದರೆ ಸ್ಕರ್ಟಿನಂತೆ ಕಾಣುತ್ತದೆ. ಕಿಲ್ಟ್‌ನ ಪಟ್ಟಿಗಳನ್ನು ಒಂದೆರಡು ಅಂಗುಲ ಹಿಗ್ಗಿಸಿ ಕುಗ್ಗಿಸಬಹುದು, ಉದ್ದವನ್ನು ಮಾತ್ರ ಕಡೆಯ ಗಳಿಗೆಯಲ್ಲಿ ಸರಿಪಡಿಸಲಾಗದು. ಮದುವೆಗೆ ಮೂರು ನಾಲ್ಕು ದಿನ ಮುಂಚೆ ತಲುಪಿ, ಅಂಗಡಿಯಲ್ಲೇ ಒಮ್ಮೆ ಧರಿಸಿ, ಕುರ್ಚಿಯಲ್ಲಿ ಕೂತು ನೋಡಿ. ಕೂರುವಾಗ ಹಿಂದಿನ ನೆರಿಗೆಗಳನ್ನು ಎರಡೂ ಕೈಯಿಂದ ಕೆಳಕ್ಕೆ ಸವರಿಕೊಂಡು ಕೂರುವುದನ್ನು ಅಲ್ಲೇ ರೂಢಿ ಮಾಡಿಕೊಳ್ಳಿ.

ಈಗ ನಿಮ್ಮ ಮನಸ್ಸನ್ನು ಕೊರೆಯುತ್ತಿರುವ ಟಾರ್ಟನ್. ಒಂದೊಂದು ಕುಲಕ್ಕೆ ಒಂದೊಂದು ಟಾರ್ಟನ್ ಅನಾದಿಕಾಲದಿಂದ ಇದೆ ಎಂಬುದು ಬಹಳ ಜನರ ನಂಬಿಕೆ. ಚರಿತ್ರೆ ಬೇರೆಯೇ ಹೇಳುತ್ತದೆ. ಹೈಲ್ಯಾಂಡ್ ಕುಲಗಳ ದಂಗೆಯನ್ನು ಬ್ರಿಟಿಷ್ ಸರ್ಕಾರ ಸದೆಬಡಿದ ಕುಲೋಡನ್ ಯುದ್ಧದ ನಂತರ 1746ರ ಕಾಯ್ದೆ ಸ್ಕಾಟ್ಲೆಂಡಿನಲ್ಲಿ ಗಂಡಸರು ಈ ಉಡುಪು ಧರಿಸುವುದನ್ನೇ ನಿಷೇಧಿಸಿತು. ಸೇನೆಯಲ್ಲಿದ್ದವರಿಗೆ ವಿನಾಯಿತಿ ಇತ್ತು. 1782ರಲ್ಲಿ ನಿಷೇಧ ರದ್ದಾಯಿತು. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಮುಂದೆ ನಿಂತು ಇಡೀ ಸಮಾರಂಭವನ್ನು ಟಾರ್ಟನ್‌ಮಯ ಮಾಡಿದರು. ಮನೆತನಗಳೆಲ್ಲ ತಮ್ಮದೊಂದು ವಿನ್ಯಾಸ ಬೇಕೆಂದು ಹುಡುಕತೊಡಗಿದವು. ಬ್ಯಾನಕ್‌ಬರ್ನ್‌ನ ವಿಲ್ಸನ್ ನೇಕಾರರ ಗಿರಣಿ ಅದುವರೆಗೆ ಬರಿಯ ಸಂಖ್ಯೆಯಿಂದಲೋ ಊರಿನ ಹೆಸರಿನಿಂದಲೋ ಮಾರುತ್ತಿದ್ದ ಎಷ್ಟೋ ವಿನ್ಯಾಸಗಳಿಗೆ ಕುಲದ ಹೆಸರುಗಳು ಅಂಟಿಕೊಂಡದ್ದು ಆ ಕಾಲದಲ್ಲಿ. ಹಾಗೆಂದು ಅದು ಹುಸಿ ಎಂದು ನಾನು ಹೇಳಲಾರೆ. ಇನ್ನೂರು ವರ್ಷಗಳಿಂದ ಜನ ಮದುವೆಗೂ ಸಾವಿಗೂ ಧರಿಸಿಕೊಂಡು ಬಂದ ಬಟ್ಟೆಗೆ ಗೌರವ ಇದ್ದೇ ಇದೆ. ಆದರೆ ಯಾರು ಯಾವುದನ್ನು ಧರಿಸಬಾರದೆಂಬ ಕಾನೂನು ಎಲ್ಲೂ ಇಲ್ಲ. 2009ರಲ್ಲಿ ಆರಂಭವಾದ ಸರ್ಕಾರಿ ಟಾರ್ಟನ್ ದಾಖಲೆ ಪುಸ್ತಕ ವಿನ್ಯಾಸಗಳನ್ನು ನೋಂದಾಯಿಸುತ್ತದೆಯೇ ಹೊರತು ಧರಿಸುವವರ ಜಾತಕ ಕೇಳುವುದಿಲ್ಲ. ರಾಜಮನೆತನಕ್ಕೆ ಮೀಸಲಾದ ಬಾಲ್ಮೋರಲ್ ಟಾರ್ಟನ್ ಒಂದನ್ನು ಬಿಟ್ಟುಬಿಡಿ, ಅದು ಶಿಷ್ಟಾಚಾರ.

ವಧುವಿನ ತಂದೆಯಾದ ನಿಮಗೆ ಬೀಗರು ತಮ್ಮ ಟಾರ್ಟನನ್ನೇ ಧರಿಸಿ ಎಂದರೆ ಮರುಮಾತಿಲ್ಲದೆ ಒಪ್ಪಿಕೊಳ್ಳಿ. ಅವರು ನಿಮ್ಮನ್ನು ತಮ್ಮವರೆಂದು ಕರೆಯುವ ರೀತಿ ಅದು. ಅವರು ಏನೂ ಹೇಳದಿದ್ದರೆ ವರನ ಟಾರ್ಟನ್ ಯಾವುದೆಂದು ಕೇಳಿಕೊಂಡು, ಎಲ್ಲರೂ ಧರಿಸಬಹುದಾದ ವಿನ್ಯಾಸಗಳಲ್ಲಿ ಅದಕ್ಕೆ ಹೊಂದುವುದನ್ನು ಆರಿಸಿ: ಕ್ಯಾಲಿಡೋನಿಯಾ, ಹಂಟಿಂಗ್ ಸ್ಟೂವರ್ಟ್, ಬ್ಲ್ಯಾಕ್ ವಾಚ್ ಇತ್ಯಾದಿ. ಮಗಳು ಎಡಿನ್‌ಬರೋದಲ್ಲೇ ನೆಲೆಸಿದ್ದರೆ ಆ ಊರಿನ ಹೆಸರಿನದೇ ಟಾರ್ಟನ್ ಇದೆ. ನನಗೆ ಕೇಳಿದರೆ ನಾನು ಅದನ್ನೇ ಸೂಚಿಸುತ್ತೇನೆ, ನಿಮ್ಮ ಮಗಳು ಬಾಳುವ ಊರು ಅದು.

ಬ್ಲ್ಯಾಕ್ ವಾಚ್ ಬಗ್ಗೆ ಒಂದು ಮಾತು. ಗಾಢ ಹಸಿರು, ನೀಲಿ, ಕಪ್ಪಿನ ಈ ವಿನ್ಯಾಸ ನಮ್ಮ ಮೈಬಣ್ಣಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಇದು ಬ್ರಿಟಿಷ್ ಸೇನೆಯ ಬ್ಲ್ಯಾಕ್ ವಾಚ್ ಎಂಬ ಸ್ಕಾಟಿಷ್ ಪಡೆಯ ಟಾರ್ಟನ್, ಆ ಪಡೆಗೆ ನಮ್ಮ ನಾಡಿನ ನಂಟಿದೆ. ಅದರ ಎರಡನೇ ದಳ 1783ರಲ್ಲಿ ಮಂಗಳೂರಿನ ಕೋಟೆಯಲ್ಲಿ ಟಿಪ್ಪುವಿನ ಮುತ್ತಿಗೆಗೆ ಸಿಲುಕಿ, 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟಿತು. ಮುಂದೆ 73ನೇ ರೆಜಿಮೆಂಟ್ ಎಂಬ ಹೆಸರಿನಲ್ಲಿ ಅದೇ ದಳ 1799ರಲ್ಲಿ ಶ್ರೀರಂಗಪಟ್ಟಣದ ಮೇಲಿನ ದಾಳಿಯಲ್ಲೂ ಇತ್ತು. ಬ್ಲ್ಯಾಕ್ ವಾಚ್‌ನ ಯುದ್ಧಗೌರವಗಳ ಪಟ್ಟಿಯಲ್ಲಿ ಈ ಎರಡು ಊರುಗಳ ಹೆಸರಿದೆ. ಇದು ತಿಳಿದ ಮೇಲೂ ಧರಿಸಬಹುದು, ಬೇಡವೆನಿಸಿದರೆ ಬಿಡಬಹುದು. ಮನೆಯಲ್ಲಿ ಚರಿತ್ರೆ ಬಲ್ಲ ಹಿರಿಯರಿದ್ದರೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಬೆಳಗಿನ ಧಾರೆಗೆ ಕಿಲ್ಟ್ ಬೇಡವೇ ಬೇಡ, ಅದಕ್ಕೆ ಪಂಚೆ, ಶಲ್ಯವೇ ಸರಿ. ಉಣ್ಣೆಯೇನೋ ಮಡಿಗೆ ವರ್ಜ್ಯವಲ್ಲ, ನಮ್ಮ ಹಿರಿಯರು ಧಾಬಳಿ ಉಟ್ಟೇ ಪೂಜೆ ಮಾಡಿದವರು. ಆದರೆ ಕಿಲ್ಟ್ ಬಿಗಿಯುವ ಪಟ್ಟಿಗಳು ಚರ್ಮದವು, ಅವುಗಳನ್ನು ಬಟ್ಟೆಗೆ ಹೊಲಿದಿರುತ್ತಾರೆ. ಅಲ್ಲದೆ ಮಣೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುವುದಕ್ಕೆ ಕಿಲ್ಟ್ ಹೇಳಿ ಮಾಡಿಸಿದ್ದಲ್ಲ. ಎರಡು ಕಾರ್ಯಗಳ ನಡುವೆ ಬಟ್ಟೆ ಬದಲಿಸಲು ಒಂದು ಗಂಟೆಯಾದರೂ ಬಿಡುವಿರಲಿ. ಮೊದಲ ಸಲ ಧರಿಸುವವರಿಗೆ ಅಷ್ಟು ಹೊತ್ತು ಬೇಕಾಗುತ್ತದೆ.

ಮುಂದೆ ತೂಗುವ ಚೀಲಕ್ಕೆ ಸ್ಪೋರನ್ ಎನ್ನುತ್ತಾರೆ. ಕಿಲ್ಟ್‌ಗೆ ಜೇಬಿಲ್ಲದ್ದರಿಂದ ಇದು ನಿಜಕ್ಕೂ ಬೇಕು. ಹಗಲಿಗೆ ಸಾದಾ ಚರ್ಮದ್ದು, ರಾತ್ರಿಗೆ ತುಪ್ಪಳದ್ದು, ನಡುವಿನದು ಎರಡೂ ಸೇರಿದ್ದು. ನಿಮಗೆ ಬೇಕಾದದ್ದು ಈ ನಡುವಿನದು. ಪ್ರಾಣಿಯ ತುಪ್ಪಳ ಮೈಗೆ ತಾಗುವುದು ಮನಸ್ಸಿಗೆ ಒಗ್ಗದಿದ್ದರೆ ಅಂಗಡಿಯವರಿಗೆ ಮೊದಲೇ ಬರೆಯಿರಿ, ಕೃತಕ ತುಪ್ಪಳದ ಸ್ಪೋರನ್‌ಗಳೂ ಇವೆ. ಇದನ್ನು ಕೇಳಲು ನಾಚಿಕೆಪಡಬೇಕಿಲ್ಲ.

ಉಳಿದವು ಚಿಕ್ಕವು. ದಪ್ಪ ಉಣ್ಣೆಯ ಕಾಲುಚೀಲ ಮಂಡಿಗಿಂತ ಸ್ವಲ್ಪ ಕೆಳಗೆ ಮಡಚಿಕೊಳ್ಳಬೇಕು, ಬಿಳಿಗಿಂತ ಟಾರ್ಟನ್‌ಗೆ ಹೊಂದುವ ಗಾಢ ಬಣ್ಣ ಚೆನ್ನ. ಗಿಲ್ಲಿ ಬ್ರೋಗ್ ಶೂಗಳ ಉದ್ದ ದಾರವನ್ನು ಹರಡಿನ ಮೇಲೆ ಕಟ್ಟಿ ನಿಲ್ಲಿಸಿ, ಮೀನಖಂಡದವರೆಗೆ ಸುತ್ತಬೇಡಿ. ಬಗ್ಗಿ ಕಟ್ಟುವುದು ಕಷ್ಟವಾದರೆ ಸಾದಾ ಕಪ್ಪು ಶೂ ಸಾಕು. ಕಿಲ್ಟ್ ಪಿನ್ ಹೊರಗಿನ ಪದರಕ್ಕೆ ಮಾತ್ರ, ಎರಡೂ ಪದರ ಸೇರಿಸಿ ಚುಚ್ಚಿದರೆ ಬಟ್ಟೆ ಹರಿಯುತ್ತದೆ. ವೇಸ್ಟ್‌ಕೋಟ್ ಇದ್ದಾಗ ಸೊಂಟಕ್ಕೆ ಅಗಲ ಬೆಲ್ಟ್ ಬೇಡ.

ಕಾಲುಚೀಲಕ್ಕೆ ಸಿಕ್ಕಿಸುವ ಸ್ಕೀನ್ ಡೂ ಎಂಬ ಚಿಕ್ಕ ಚೂರಿಯ ವಿಷಯದಲ್ಲಿ ಎಚ್ಚರ ಬೇಕು. ರಾಷ್ಟ್ರೀಯ ಉಡುಪಿನ ಅಂಗವಾಗಿ ಅದನ್ನು ಧರಿಸಲು ಸ್ಕಾಟ್ಲೆಂಡಿನ 1995ರ ಅಪರಾಧ ಕಾನೂನು ಅವಕಾಶ ಕೊಡುತ್ತದೆ. ನೆನಪಿಗೆಂದು ಒಂದನ್ನು ಕೊಂಡರೆ ವಿಮಾನದಲ್ಲಿ ಕೈಚೀಲದಲ್ಲಿ ಇಡಬೇಡಿ, ಒಪ್ಪಿಸುವ ಲಗೇಜಿನಲ್ಲಿ ಇರಲಿ. ಬಾಡಿಗೆಯ ಉಡುಪಿನೊಡನೆ ಹಿಡಿ ಮಾತ್ರವಿರುವ, ಅಲಗಿಲ್ಲದ ತುಂಡು ಬಂದರೆ ಅದೇ ನಿಶ್ಚಿಂತೆ.

ನಿಮ್ಮ ಮನೆಯವರು ರೇಷ್ಮೆ ಸೀರೆ ಉಡಲಿ, ಹೈಲ್ಯಾಂಡ್ ಉಡುಪಿನ ನಡುವೆ ಅದಕ್ಕಿಂತ ಘನವಾದದ್ದು ಇನ್ನೊಂದಿಲ್ಲ. ಬೀಗಿತ್ತಿ ಟಾರ್ಟನ್ ಪಟ್ಟಿಯೊಂದನ್ನು ಹೊದಿಸಲು ಬಂದರೆ ಅದು ಬಲ ಭುಜದ ಮೇಲೆ ಬರುತ್ತದೆ. ಸೆರಗು ಎಡಗಡೆ ಇರುವುದರಿಂದ ತೊಡಕಿಲ್ಲ.

ರಾತ್ರಿಯ ಕೇಲಿ ಎಂಬ ಸ್ಕಾಟಿಷ್ ಗುಂಪು ಕುಣಿತಕ್ಕೆ ನಿಮ್ಮನ್ನು ಎಳೆಯದೆ ಬಿಡುವುದಿಲ್ಲ. ಸ್ಟ್ರಿಪ್ ದ ವಿಲೋ ಎಂಬ ಕುಣಿತದಲ್ಲಿ ಒಬ್ಬರ ತೋಳು ಹಿಡಿದು ಗಿರ್ರನೆ ತಿರುಗಿ ಮತ್ತೊಬ್ಬರ ಕೈಗೆ ದಾಟಬೇಕು, 8 ಗಜದ ನೆರಿಗೆಗಳು ಆಗ ಪೂರ್ತಿ ಅರಳುತ್ತವೆ. ಆದ್ದರಿಂದ ಒಳಉಡುಪು ಧರಿಸಿಯೇ ಇರಿ, ಯಾರು ಏನೇ ತಮಾಷೆ ಮಾಡಲಿ. ಬಾಡಿಗೆ ಅಂಗಡಿಯವರೂ ಅದನ್ನೇ ಬಯಸುತ್ತಾರೆ. ಕುಣಿಯಲು ಏಳುವ ಮುಂಚೆ ಸ್ಪೋರನ್‌ನ ಸರಪಳಿಯನ್ನು ಜಾರಿಸಿ ಅದನ್ನು ಸೊಂಟದ ಪಕ್ಕಕ್ಕೆ ಸರಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ನೆಗೆತಕ್ಕೂ ತೊಡೆಗೆ ಬಡಿಯುತ್ತದೆ.